ಕೆಳಸಾಲಿನ ಹನ್ನೆರಡು ಕೋಳಿಮರಿಗಳು

ಗೆರ್ಬರ್‌ಗಾಸ್ಸೆ 9, ಮೂರನೇ ಮಹಡಿ
ಭಾನುವಾರ, 13 ಜೂನ್ 1993

ಪ್ರಿಯ ಎಕಾರ್ಟ್,

"ಪ್ರಿಯ" ಎಂದು ಬರೆದದ್ದಕ್ಕೆ ಬೇರೆ ಅರ್ಥ ಹುಡುಕಬೇಡ. ಹನ್ನೊಂದು ವರ್ಷದ ಕೈ ಅಭ್ಯಾಸ. ಪೆನ್ನು ಹಿಡಿದರೆ ತಾನಾಗಿ ಬರುತ್ತದೆ.

ನಿನ್ನ ಕಾಗದ ಬಂದು ಏಳು ವಾರವಾಯಿತು. ನಡುವೆ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು ರಿಸೀವರ್ ಎತ್ತಿ, ನಿನ್ನ ದನಿ ಕೇಳಿ, ಹಾಗೇ ಇಟ್ಟೆ. ಮುನಿಸಿಕೊಂಡಿದ್ದಾಳೆ, ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತಾಳೆ ಎಂದುಕೊಂಡಿರುತ್ತೀಯ. ಮುನಿಸಲ್ಲ. ನಿನಗೆ ಉತ್ತರ ಕೊಡುವುದಕ್ಕೆ ನನಗೆ ನಲವತ್ತು ಕೋಳಿಮರಿಗಳು ಬೇಕಿದ್ದವು. ಅವು ಮೊಟ್ಟೆಯೊಡೆದು ಬರಬೇಕಿತ್ತು, ಅವುಗಳ ಕಣ್ಣು ಬೆಳೆಯಬೇಕಿತ್ತು. ಈಗ ಬೆಳೆದಿದೆ. ಕಾಫಿ ಇಟ್ಟುಕೊಂಡು ಕೂತು ಓದು, ಕಾಗದ ಉದ್ದವಿದೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ನೀನು ಟೈಪ್ ಮಾಡಿಸಿ ಕಳಿಸಿದ ಹೇಳಿಕೆಗೆ ನಾನು ಸಹಿ ಹಾಕುವುದಿಲ್ಲ. "ಲೆನ್ಸ್‌ಗಳನ್ನು ದಿನದಲ್ಲಿ ಸ್ವಲ್ಪ ಹೊತ್ತು ತೆಗೆದಿಡುವ ಕೆಲಸವನ್ನು ನಾನು ಡಾಕ್ಟರ್ ಎಕಾರ್ಟ್ ಗ್ರೋಟೆ ಅವರ ಬಾಯಿಮಾತಿನ ಸೂಚನೆಯಂತೆ ಮಾಡಿದ್ದೇನೆ." ಎಷ್ಟು ಅಚ್ಚುಕಟ್ಟು! ಕೆಳಗೆ ನನ್ನ ಹೆಸರು, ಹೆಸರಿನ ಮೇಲೆ ಸಹಿಗೆಂದು ಚುಕ್ಕೆಗಳ ಗೆರೆ. ಅದರ ಜೊತೆಯ ಮೂರು ಪುಟ ಮಾತ್ರ ನಿನ್ನ ಕೈಬರಹ. ಸಹಿ ಹಾಕಿದರೆ ಬೇಸಿಗೆಗೆ ಬಾ, ಇಲ್ಲಿ ಮನೆಯ ಹಿಂದೆ ತೋಟವಿದೆ, ಮತ್ತೆ ಮೊದಲಿಂದ ಶುರುಮಾಡೋಣ ಎಂದಿದ್ದೀಯ. ಹಾಕದಿದ್ದರೆ, ಅಪ್ಪಣೆಯಿಲ್ಲದೆ ಪ್ರಯೋಗದ ಪ್ರಾಣಿಗಳನ್ನು ಮುಟ್ಟಿದ ವಿಷಯ ಹೊರಬಿದ್ದು "ನಿನ್ನ ಕೆಲಸ ಹೋದೀತು, ನನಗೆ ಅದೇ ಚಿಂತೆ" ಎಂದೂ ಬರೆದಿದ್ದೀಯ. "ನಿನ್ನ ಒಳ್ಳೆಯದಕ್ಕೇ ಹೇಳ್ತಿದೀನಿ" ಎಂಬ ಮಾತು ಎರಡು ಕಡೆ ಇದೆ.

ಮೂರು ಪುಟದಲ್ಲಿ ನನ್ನ ಕಥೆಯನ್ನು ನೀನು ನಿನ್ನದೆಂದು ಹೇಳಿದ್ದೀಯ. ಈಗ ನಾನು ಒಂದು ಸಲ ಹೇಳುತ್ತೇನೆ. ಗೊತ್ತಿರುವುದೇ ಆದರೂ ಕೇಳು.

ನೀನು ಆಲ್ಪ್ ಬೆಟ್ಟದ ಮೇಲಿನ ನಮ್ಮ ಕೋಳಿ ಮನೆಗೆ ಮೊದಲು ಬಂದದ್ದು ಅಪ್ಪನ ಹತ್ತಿರ ಹುಂಜದ ಮರಿಗಳನ್ನು ಕೇಳಲು. ಒಂದು ದಿನದ ಹುಂಜದ ಮರಿ ಯಾರಿಗೆ ಬೇಕು? ಮೊಟ್ಟೆಯಿಡುವುದಿಲ್ಲ, ಮಾಂಸವೂ ತುಂಬುವುದಿಲ್ಲ. ಉತ್ತರದ ಕಡೆಯ ನುಣುಪು ಮಾತಿನ ಹುಡುಗನೊಬ್ಬ ಅವನ್ನೇ ಬೇಕು ಅನ್ನುತ್ತಿದ್ದಾನೆ ಎಂದು ಅಪ್ಪ ನಕ್ಕರು. ಹೆಣ್ಣು ಯಾವುದು ಗಂಡು ಯಾವುದು ಎಂದು ಹೇಗೆ ಗೊತ್ತಾಗುತ್ತೆ ಎಂದು ನೀನು ಕೇಳಿದಾಗ ನಾನು ಒಂದು ಮರಿಯನ್ನು ಅಂಗೈಯಲ್ಲಿ ಮಗುಚಿ ತೋರಿಸಿದೆ. ನಿನಗೆ ಏನೂ ಕಾಣಲಿಲ್ಲ. ಹತ್ತು ಮರಿ ತೋರಿಸಿದರೂ ಕಾಣಲಿಲ್ಲ. "ಈ ಕೈ ನಮ್ಮ ಸಂಸ್ಥೆಯಲ್ಲಿ ಇರಬೇಕಿತ್ತು" ಎಂದು ನೀನು ಅಂದೆ. ಮರುವರ್ಷ ಮದುವೆಯಾದೆವು. ಅದರ ಮರುವರ್ಷ ಪ್ರೊಫೆಸರ್ ಹಾರ್ಟ್‌ಲೀಬ್ ನನ್ನನ್ನು ಪ್ರಾಣಿ ಆರೈಕೆಯವಳಾಗಿ ತೆಗೆದುಕೊಂಡರು. ಆ ದಿನಗಳ ಬಗ್ಗೆ ನನಗೆ ಒಂದು ದೂರೂ ಇಲ್ಲ. ಇದನ್ನೂ ಬರೆದಿಡುತ್ತೇನೆ.

ಮೊದಲ ವರ್ಷ ಅಮ್ಮನಿಗೆ ನನ್ನ ಕೆಲಸ ಏನೆಂದು ವಿವರಿಸಿದ್ದು ನಿನಗೆ ನೆನಪಿರಬೇಕು. ಮರಿಯ ಬಲಗಣ್ಣಿಗೆ ಮೈನಸ್ ಲೆನ್ಸ್ ಕಟ್ಟುತ್ತೇವೆ, ಎಡಗಣ್ಣು ಹಾಗೇ ಇರುತ್ತೆ. ಆ ಲೆನ್ಸ್ ಚಿತ್ರವನ್ನು ಕಣ್ಣಿನ ಪರದೆಯ ಹಿಂದಕ್ಕೆ ತಳ್ಳುತ್ತೆ, ಎಲ್ಲಾ ಮಸುಕು. ಕಣ್ಣು ಸುಮ್ಮನಿರುವುದಿಲ್ಲ, ಆ ಚಿತ್ರವನ್ನು ಹಿಡಿಯಲು ತಾನೇ ಹಿಂದಕ್ಕೆ ಉದ್ದ ಬೆಳೆಯುತ್ತೆ. ವಾರದೊಳಗೆ ಆ ಲೆನ್ಸಿಗೆ ಹೊಂದಿಕೊಳ್ಳುತ್ತೆ, ಲೆನ್ಸ್ ತೆಗೆದರೆ ದೂರದ್ದು ಕಾಣುವುದಿಲ್ಲ, ಕನ್ನಡಕದ ಮಕ್ಕಳ ಹಾಗೆ. ಪ್ಲಸ್ ಲೆನ್ಸ್ ಕಟ್ಟಿದರೆ ಚಿತ್ರ ಪರದೆಯ ಮುಂದೆ ಬೀಳುತ್ತೆ, ಕಣ್ಣು ಬೆಳೆಯುವುದನ್ನೇ ನಿಧಾನಿಸುತ್ತೆ. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಕತ್ತರಿಸಿದರೂ ಕಣ್ಣು ಈ ಲೆಕ್ಕವನ್ನು ಹೆಚ್ಚುಕಡಿಮೆ ತಾನೇ ಮಾಡಿಕೊಳ್ಳುತ್ತದಂತೆ. ಅಮ್ಮ ಎಲ್ಲಾ ಕೇಳಿ, "ಕೋಳಿಮರಿಗೆ ಕನ್ನಡಕ ಹಾಕೋಕೆ ಸರ್ಕಾರ ಸಂಬಳ ಕೊಡುತ್ತಾ? ನಿಮ್ಮಪ್ಪ ಬದುಕಿದ್ದಿದ್ರೆ ನಕ್ಕು ನಕ್ಕು ಹಲ್ಲು ಸೆಟ್ ಬೀಳಿಸ್ಕೊಳ್ತಿದ್ರು" ಅಂದರು. ನೀನು ನಗಲಿಲ್ಲ. ನಾನು ತಪ್ಪು ಶಬ್ದ ಬಳಸಿದೆ ಎಂದು ಕಾರಿನಲ್ಲಿ ತಿದ್ದಿದೆ.

ಹೋದ ಸೆಪ್ಟೆಂಬರಿಗೆ ಬರುತ್ತೇನೆ. ನೀನು ಪ್ರೊಫೆಸರ್ ಆಗಲು ಬರೆಯುತ್ತಿದ್ದ ದೊಡ್ಡ ಪ್ರಬಂಧದ ಪ್ರಯೋಗ ಅದು. ನಲವತ್ತೆಂಟು ಮರಿ, ಹನ್ನೆರಡರಂತೆ ನಾಲ್ಕು ಸಾಲು ಗೂಡು. ನಿನ್ನ ವಾದ ನನಗೆ ಬಾಯಿಪಾಠವಾಗಿತ್ತು, ಟೈಪ್ ಮಾಡಿದವಳು ನಾನೇ ಅಲ್ಲವೇ: ಕಣ್ಣು ದಿನವಿಡೀ ಕಂಡ ಮಸುಕನ್ನೆಲ್ಲ ಕೂಡಿಸಿ, ಆ ಮೊತ್ತಕ್ಕೆ ತಕ್ಕಷ್ಟು ಬೆಳೆಯುತ್ತದೆ. ದೀಪ ಉರಿಯುವ ಹದಿನಾಲ್ಕು ಗಂಟೆಯಲ್ಲಿ ಒಂದು ಗಂಟೆ ಮಸುಕಿಲ್ಲದಿದ್ದರೆ ಬೆಳವಣಿಗೆ ಹದಿನಾಲ್ಕರಲ್ಲಿ ಒಂದು ಭಾಗ ಕಡಿಮೆಯಾದೀತು, ಅಷ್ಟೇ.

ಕೆಳಸಾಲಿನ ಮರಿಗಳಿಗೆ ಲೆನ್ಸ್ ಬೇಗ ಕೊಳೆಯಾಗುತ್ತಿತ್ತು. ಮೇಲಿನ ಮೂರು ಸಾಲಿನ ಮೇವಿನ ಹಿಟ್ಟಿನ ಧೂಳೆಲ್ಲ ಅವುಗಳ ಮೇಲೇ. ಲೆನ್ಸಿನ ವೆಲ್ಕ್ರೋ ಬಳೆಯ ಸುತ್ತ ಚರ್ಮ ಕೆಂಪಾಗಿತ್ತು. ನಿಯಮ ನನಗೆ ಗೊತ್ತಿತ್ತು: ಕಣ್ಣನ್ನು ಅಂಗೈಯಿಂದ ಮುಚ್ಚಿ, ಲೆನ್ಸ್ ತೆಗೆದು, ಒರೆಸಿ, ತಕ್ಷಣ ಹಾಕಬೇಕು. ನಾನು ಹಾಕಲಿಲ್ಲ. ಚರ್ಮಕ್ಕೆ ಗಾಳಿ ಆಡಲಿ ಎಂದು ಹತ್ತು ನಿಮಿಷ, ಹದಿನೈದು ನಿಮಿಷ ಹಾಗೇ ಬಿಟ್ಟೆ. ದಿನಕ್ಕೆ ಮೂರು ಸಲ, ಕೆಲವು ದಿನ ನಾಲ್ಕು. ನಮ್ಮ ಮನೆಯಲ್ಲಿ ಹುಣ್ಣಾದ ಕೋಳಿಗೆ ಮಾಡುತ್ತಿದ್ದದ್ದೇ ಅದು. ತಪ್ಪೇ. ತಪ್ಪಲ್ಲ ಎಂದು ನಾನು ಎಲ್ಲೂ ಹೇಳಿಲ್ಲ. ಆದರೆ ಯಾವ ಮರಿಗೆ ಯಾವಾಗ ಎಷ್ಟು ನಿಮಿಷ ಎಂದು ಹಸಿರು ರಟ್ಟಿನ ಪುಸ್ತಕದಲ್ಲಿ ಅವತ್ತವತ್ತೇ ಬರೆದಿಟ್ಟೆ. ಮೊಟ್ಟೆಯ ಮನೆಯಲ್ಲಿ ಬೆಳೆದವಳಿಗೆ ಬರೆದಿಡದೆ ನಿದ್ದೆ ಬರುವುದಿಲ್ಲ.

ವಾರದ ಕೊನೆಗೆ ನೀನು ಅಲ್ಟ್ರಾಸೌಂಡಿನಲ್ಲಿ ಅಳೆದೆ. ಮೇಲಿನ ಮೂರು ಸಾಲಿನ ಬಲಗಣ್ಣುಗಳು ಉದ್ದವಾಗಿದ್ದವು. ಕೆಳಸಾಲಿನವು ಅರ್ಧದಷ್ಟೂ ಬೆಳೆದಿರಲಿಲ್ಲ.

ಸೋಮವಾರದ ಸಭೆಯಲ್ಲಿ ನೀನು ಏನೆಂದೆ ಎಂಬುದನ್ನು ನಾನು ಮರೆತಿದ್ದೇನೆ ಎಂದು ನಿನಗೆ ಅನ್ನಿಸಿದ್ದರೆ, ಮರೆತಿಲ್ಲ. ಹನ್ನೊಂದು ಜನರ ಎದುರು, ಪ್ರೊಫೆಸರ್ ಎದುರು ಅಂದೆ: "ಲೆನ್ಸ್ ಬಿದ್ದುಹೋಗಿರುತ್ತೆ, ಇವಳು ನೋಡಿರಲ್ಲ. ಏನ್ ಮಾಡೋದು, ಕೋಳಿ ಮನೆಯ ಅಭ್ಯಾಸ. ಅಲ್ಲಿ ಹತ್ತು ಸತ್ರೆ ಹನ್ನೊಂದನೇದು ಇರುತ್ತೆ." ಯಾರೋ ನಕ್ಕರು. ನಾನು ಏಳಲಿಲ್ಲ, ಬಾಯಿ ಬಿಡಲಿಲ್ಲ. ನನ್ನ ಗಂಡ, ಅವನ ಪ್ರಬಂಧ, ಎಲ್ಲರೆದುರು ಬೇಡ ಎಂದುಕೊಂಡೆ. ಆ ಮೌನ ನನ್ನ ತಪ್ಪು. ಲೆನ್ಸ್ ತೆಗೆದದ್ದಕ್ಕಿಂತ ದೊಡ್ಡ ತಪ್ಪು.

ಸಂಜೆ ಅಡುಗೆಮನೆಯಲ್ಲಿ ನಿನ್ನ ಮುಂದೆ ಪುಸ್ತಕ ಇಟ್ಟೆ. ಬಿದ್ದಿಲ್ಲ, ನಾನೇ ತೆಗೆದದ್ದು, ಇಲ್ಲಿದೆ ನಿಮಿಷ ಅಂದೆ. ಒಂದು ಗಂಟೆಗೂ ಕಡಿಮೆ ಬಿಡುವಿಗೆ ಅರ್ಧ ಬೆಳವಣಿಗೆ ನಿಂತಿದೆ, ಹಾಗಾದರೆ ಕಣ್ಣು ಸುಮ್ಮನೆ ಕೂಡಿಸುತ್ತಿಲ್ಲ ಅಂದೆ. ನೀನು ಎರಡು ಪುಟ ತಿರುಗಿಸಿ ಮುಚ್ಚಿದೆ. "ಇದನ್ನ ಯಾರಿಗಾದ್ರೂ ತೋರಿಸಿದ್ಯಾ? ಇಲ್ವಲ್ಲ? ಸರಿ. ತೋರಿಸ್ಬೇಡ. ನಿನ್ನ ಜೊತೆ ನನ್ನನ್ನೂ ಮುಳುಗಿಸ್ತೀಯ." ಮರುದಿನ ನೀನು ಹನ್ನೆರಡು ಮರಿಗಳನ್ನು ಲೆಕ್ಕದಿಂದ ತೆಗೆದುಹಾಕಿದೆ. ನಿನ್ನ ಗ್ರಾಫಿನ ರೇಖೆ ನೇರವಾಯಿತು.

ಈಗ ನಾನು ಯಾರಿಗೂ ಹೇಳದೆ ಮಾಡಿದ್ದನ್ನು ಹೇಳುತ್ತೇನೆ. ನವೆಂಬರಿನಲ್ಲಿ ಬಂದ ಎರಡನೇ ತಂಡದ ಮರಿಗಳಿಗೆ ನಾನು ಮಾಡಿದ್ದು ಕನಿಕರದಿಂದಲ್ಲ. ಚರ್ಮ ಕೆಂಪಾಗಿರಲಿಲ್ಲ, ನಾನು ಬಳೆಯ ಒಳಗೆ ಹತ್ತಿ ಹೊಲಿದಿದ್ದೆ. ಬೇಕೆಂದೇ ಮಾಡಿದೆ. ಎರಡನೇ ಸಾಲಿಗೆ ಬೆಳಿಗ್ಗೆ ಒಂದೇ ಸಲ ಒಂದು ಗಂಟೆ ಬಿಡುವು. ನಾಲ್ಕನೇ ಸಾಲಿಗೂ ಒಟ್ಟು ಅದೇ ಒಂದು ಗಂಟೆ, ಆದರೆ ಹದಿನೈದು ನಿಮಿಷದಂತೆ ನಾಲ್ಕು ಸಲ. ಯಾವ ಸಾಲಿಗೆ ಏನು ಎಂದು ನಿನಗೆ ಗೊತ್ತಿರಲಿಲ್ಲ, ಅಳೆದವನು ನೀನು. ನನ್ನ ಕೈ ಅಳತೆಯಲ್ಲಿ ಇರಲಿಲ್ಲ. ಒಂದೇ ಸಲ ಬಿಡುವು ಸಿಕ್ಕಿದವು ಹೆಚ್ಚುಕಡಿಮೆ ಪೂರ್ತಿ ಬೆಳೆದವು. ನಾಲ್ಕು ಸಲ ಸಿಕ್ಕಿದವು ಅರ್ಧಕ್ಕೇ ನಿಂತವು. ಆ ಅಂಕಿಗಳನ್ನು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಮೂವತ್ತಾರು ವರ್ಷದಲ್ಲಿ ಮೊದಲ ಸಲ, ಜಗತ್ತಿನ ಒಂದು ಸಣ್ಣ ಸಂಗತಿ ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು.

ಕ್ರಿಸ್‌ಮಸ್ ಮರುದಿನ ನಿನಗೆ ತೋರಿಸಿದೆ. ನೀನು ಈ ಸಲ ಎಲ್ಲಾ ಪುಟ ಓದಿದೆ. ಓದಿ ನೀನೇ ಅದನ್ನು ಅಡುಗೆಮನೆಯ ಡ್ರಾಯರಿಗೆ ಹಾಕಿದೆ. ಜನವರಿಯಲ್ಲಿ ನಿನಗೆ ಉತ್ತರದಲ್ಲಿ ಕೆಲಸ ಸಿಕ್ಕಿತು. ನಾವಿಬ್ಬರೂ ಬೇರೆ ಬೇರೆ ದಿಕ್ಕಿಗೆ ಬೆಳೆದಿದ್ದೇವೆ, ಸ್ವಲ್ಪ ದಿನ ದೂರವಿರೋಣ ಎಂದು ನೀನು ಅಂದೆ. ಏಳು ಪೆಟ್ಟಿಗೆ ಕಟ್ಟಿದೆ. ನೀನು ಹೋದ ಮೇಲೆ ಅಡುಗೆಮನೆಯ ಡ್ರಾಯರ್ ತೆಗೆದರೆ ಸೌಟುಗಳಿದ್ದವು, ಪುಸ್ತಕ ಇರಲಿಲ್ಲ.

ಆಗಲೂ ನಿನ್ನನ್ನು ಅನುಮಾನಿಸಲಿಲ್ಲ, ನಂಬು. ಕಾಗದಗಳ ಜೊತೆ ಸೇರಿ ಹೋಗಿರಬೇಕು ಎಂದುಕೊಂಡೆ. ಅಮ್ಮನಿಗೆ ಮಾತ್ರ ಅನುಮಾನವಿರಲಿಲ್ಲ. "ಹೋದ್ರೆ ಹೋಗ್ಲಿ ಬಿಡು ರೋಸ್ಲೆ. ಹನ್ನೊಂದು ವರ್ಷ ನನ್ನ ಕೈಯ ಬೇಳೆ, ಸ್ಪೆಟ್ಸ್ಲೆ ಶಾವಿಗೆ ತಿಂದ, ಒಂದು ಸಲಾನೂ ಇನ್ನೊಂದು ಸೌಟು ಹಾಕಿ ಅನ್ಲಿಲ್ಲ. ಅಂಥವನ ಮೇಲೆ ನಂಗ್ಯಾವತ್ತೂ ನಂಬಿಕೆ ಇರ್ಲಿಲ್ಲ" ಅಂದರು. ಅಳುತ್ತಿದ್ದವಳು ನಕ್ಕುಬಿಟ್ಟೆ.

ಮಾರ್ಚಿನಲ್ಲಿ ಕೋರ್ಡುಲಾ ನಿಮ್ಮ ಕಡೆಯ ಒಂದು ಸಮ್ಮೇಳನಕ್ಕೆ ಹೋಗಿ ಬಂದಳು. ಅವಳು ಗೊತ್ತಲ್ಲ, ಡಾಕ್ಟರೇಟ್ ಮಾಡುತ್ತಿರುವ ಹುಡುಗಿ, ಅಳತೆ ಕೋಣೆಯವಳು. ಪಾಪ, ನನಗೆ ಖುಷಿಯಾಗಲಿ ಎಂದು ಓಡಿ ಬಂದು ಹೇಳಿದಳು: "ನಿಮ್ಮೆಜಮಾನ್ರ ಭಾಷಣಕ್ಕೆ ಎಂಥಾ ಚಪ್ಪಾಳೆ ಗೊತ್ತಾ! ಸಣ್ಣ ಸಣ್ಣ ಬಿಡುವು ಹಲವು ಸಲ ಕೊಟ್ರೆ ಕಣ್ಣು ಬೆಳೆಯೋದು ನಿಲ್ಲುತ್ತಂತೆ. ಹನ್ನೆರಡು ಹನ್ನೆರಡು ಮರಿ. ನೀವ್ಯಾಕೆ ಹೇಳೇ ಇಲ್ಲ ನಮಗೆ?" ನಾನು ಗೂಡಿನ ತಟ್ಟೆ ಉಜ್ಜುತ್ತಿದ್ದೆ. ಉಜ್ಜುತ್ತಲೇ ಇದ್ದೆ. ಅವಳು ಹೋದ ಮೇಲೆ ತಟ್ಟೆಯನ್ನು ಗೋಡೆಗೆ ಎಸೆದೆ. ಗೋಡೆಯ ಹೆಂಚು ಬಿರುಕು ಬಿಟ್ಟಿದೆ, ಹಾಗೇ ಇದೆ.

ಏಪ್ರಿಲ್ ಕೊನೆಗೆ ನಿನ್ನ ಕಾಗದ ಬಂತು. ನಿನ್ನ ಲೇಖನ ಅಚ್ಚುಮಾಡುವ ಸಂಶೋಧನಾ ಪತ್ರಿಕೆಯವರು ಕೇಳಿರಬೇಕು, ಅಲ್ಲವೇ? ಈ ಬಿಡುವು ಯಾರು ಕೊಟ್ಟರು, ಯಾರ ಸೂಚನೆ, ಅನುಮತಿ ಎಲ್ಲಿ ಎಂದು. ಅದಕ್ಕೇ ನನ್ನ ನೆನಪಾಯಿತು, ತೋಟದ ನೆನಪಾಯಿತು.

ನಾನು ನಿನ್ನಷ್ಟು ಗಟ್ಟಿಯವಳೆಂದು ತೋರಿಸಿಕೊಳ್ಳುವುದಿಲ್ಲ. ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಕಾಗದ ಬಂದ ಸೋಮವಾರ ಮಧ್ಯಾಹ್ನ ನಾನು ಸಹಿ ಹಾಕಿದ್ದೆ. ಹೌದು. ಚುಕ್ಕೆಗಳ ಮೇಲೆ, ಪೂರ್ತಿ ಹೆಸರು. ಕವರ್ ಅಂಟಿಸಿ, ಅಂಚೆಚೀಟಿ ಹಚ್ಚಿ, ಕೋಟಿನ ಜೇಬಿನಲ್ಲಿ ಇಟ್ಟುಕೊಂಡೆ. ಕನ್ನಡಿಯಲ್ಲಿ ನೋಡಿಕೊಂಡು, ಬೇಸಿಗೆಗೆ ಹೊಸ ಉಡುಪು ಹೊಲಿಸಬೇಕು ಎಂದೂ ಅಂದುಕೊಂಡೆ. ಎಷ್ಟು ಬೇಗ ಕ್ಷಮಿಸುತ್ತೇನೆ ನೋಡು ನಾನು.

ಮಧ್ಯಾಹ್ನದ ಪಾಳಿಗೆ ಹೋಗುವ ದಾರಿಯಲ್ಲಿ ಹಾಕೋಣ ಎಂದು ಹೊರಟೆ. ಮಾಂಸದಂಗಡಿಯ ಮುಂದಿನ ಅಂಚೆ ಡಬ್ಬದ ಹತ್ತಿರ ಕೆಳಮನೆಯ ಫ್ರೌ ಡೀಟರ್ಲೆ ಹಿಡಿದುಕೊಂಡರು, ಮೆಟ್ಟಿಲು ಗುಡಿಸುವ ವಾರ ನಿಮ್ಮದು, ಕೆಳಗಿನ ಮೂರು ಮೆಟ್ಟಿಲು ಹಾಗೇ ಬಿಟ್ಟಿದ್ದೀರಿ ಎಂದು. ಅವರ ಜೊತೆ ಮಾತಾಡುತ್ತಾ ಡಬ್ಬ ದಾಟಿಹೋದೆ. ಸಂಜೆ ಹಾಕಿದರಾಯಿತು ಎಂದುಕೊಂಡೆ. ಪ್ರಾಣಿ ಕೋಣೆಗೆ ಹೋಗಿ ಮೇವಿನ ಲೆಕ್ಕ ಬರೆಯಲು ದಾಖಲೆ ಪುಸ್ತಕ ತೆಗೆದೆ. ಹಳೆಯ ಪುಟ ತೆರೆದುಕೊಂಡಿತು. ಸೆಪ್ಟೆಂಬರ್. ಕೆಳಸಾಲಿನ ಹನ್ನೆರಡು ಮರಿ, ಒಂದೊಂದರ ಮುಂದೆ ನಿನ್ನ ಕೈಬರಹ: ಆರೈಕೆಯವಳ ತಪ್ಪು. ಆರೈಕೆಯವಳ ತಪ್ಪು. ಹನ್ನೆರಡು ಸಲ. ಒಂದು ಕಡೆಯೂ ಚಿಕ್ಕದಾಗಿಸಿ ಬರೆದಿಲ್ಲ, "ಮೇಲಿನಂತೆ" ಎಂದೂ ಹಾಕಿಲ್ಲ.

ಅಲ್ಲ ಎಕಾರ್ಟ್, ನಿನ್ನ ಸೂಚನೆಯಂತೆ ಮಾಡಿದ್ದಾದರೆ ಅದು ನನ್ನ ತಪ್ಪು ಹೇಗಾಯಿತು? ನನ್ನ ತಪ್ಪಾದರೆ ಅದು ನಿನ್ನ ಸೂಚನೆ ಹೇಗಾಯಿತು? ತಪ್ಪಾದಾಗ ನನ್ನದು, ಚಪ್ಪಾಳೆ ಬಿದ್ದಾಗ ನಿನ್ನದು. ಇದು ನನಗೆ ಹೊಳೆಯಲು ಹನ್ನೆರಡು ಸಲ ಓದಬೇಕಾಯಿತು. ಕವರನ್ನು ಅಲ್ಲೇ ಹರಿದು ಗೂಡಿನ ಹೊಟ್ಟಿನ ಜೊತೆ ಚೀಲಕ್ಕೆ ಹಾಕಿದೆ. ಏಪ್ರನ್ ಕೂಡ ಬಿಚ್ಚದೆ ಮೇಲಿನ ಮಹಡಿಗೆ ಹೋದೆ.

ಪ್ರೊಫೆಸರ್ ಸೇಬು ಹೆಚ್ಚುತ್ತಾ ಕೂತಿದ್ದರು. ನಾನು ನಿಂತೇ ಹೇಳಿದೆ. ಸೆಪ್ಟೆಂಬರ್, ನವೆಂಬರ್, ಒಂದು ಸಲ, ನಾಲ್ಕು ಸಲ, ಎಲ್ಲಾ. ಅಪ್ಪನ ಮನೆಯ ಮಾತಿನಲ್ಲೇ ಹೇಳಿದೆ, ನಿನ್ನ ಗೆಳೆಯರ ಊಟದ ಮೇಜಿನಲ್ಲಿ ನೀನು ನನ್ನ ಕಾಲು ತುಳಿದು ನಿಲ್ಲಿಸುತ್ತಿದ್ದೆಯಲ್ಲ, ಅದೇ ಸ್ವೇಬಿಯನ್ ಮಾತು. ಅವರ ಮುಖ ಕೆಂಪಗಾಯಿತು. ಚಾಕು ಕೆಳಗಿಟ್ಟರು.

"ಫ್ರೌ ಗ್ರೋಟೆ, ನೀವು ಏನು ಮಾಡಿದೀರಿ ಅಂತ ಗೊತ್ತಾ ನಿಮಗೆ? ಎರಡು ತಂಡ ಮರಿ! ಒಂದು ವರ್ಷದ ಕೆಲಸ! ನಾಳೆ ಎಲ್ಲರೂ ಅವರವರ ಮನಸ್ಸಿಗೆ ಬಂದ ಹಾಗೆ ಗೂಡು ತೆಗೆದ್ರೆ ನಾನು ಈ ಸಂಸ್ಥೆಗೆ ಬೀಗ ಹಾಕ್ಬೇಕಾಗುತ್ತೆ."

"ಗೊತ್ತು ಹೆರ್ ಪ್ರೊಫೆಸರ್. ಏನು ಶಿಕ್ಷೆ ಕೊಡ್ತೀರೋ ಕೊಡಿ. ಆದ್ರೆ ಆ ಹನ್ನೆರಡು ಮರಿ ತಪ್ಪಲ್ಲ. ಅವನ್ನ ಲೆಕ್ಕದಿಂದ ತೆಗೆದಿದ್ದು ತಪ್ಪು."

"ಆ ಪುಸ್ತಕ ಎಲ್ಲಿ?"

"ಗಂಡನ ಹತ್ತಿರ."

"ಅಂದ್ರೆ ನನ್ನ ಹತ್ತಿರ ಇರೋದು ನಿಮ್ಮ ಮಾತು ಮಾತ್ರ. ಅಲ್ಲಿ ಅವನ ಮಾತು. ನಾನು ಯಾರದ್ದು ನಂಬಲಿ?"

"ಯಾರದ್ದೂ ಬೇಡ. ಮರಿ ತರಿಸಿ. ಮರಿಗಳಿಗೆ ನಾನು ಯಾರು, ಅವನು ಯಾರು ಅಂತ ಗೊತ್ತಿಲ್ಲ."

ಅವರು ಸೇಬಿನ ಹೋಳುಗಳನ್ನು ಪಕ್ಕಕ್ಕೆ ತಳ್ಳಿದರು. ಆಮೇಲೆ ನನ್ನ ಕೈಯಿಂದ ಪ್ರಾಣಿ ಕೋಣೆಯ ಬೀಗದಕೈ ಇಸಕೊಂಡರು. ನಾನು ಕೆಲಸ ಹೋಯಿತು ಎಂದುಕೊಂಡೆ.

ಹೋಗಿರಲಿಲ್ಲ. ನೆಲಮಾಳಿಗೆಯಲ್ಲಿ ಗೂಡು ತೊಳೆಯಲು ಹಾಕಿದರು, ಮರಿಗಳ ಹತ್ತಿರ ಹೋಗಕೂಡದು ಎಂದು. ಅನುಮತಿಯ ಕಾಗದ ಈ ಸಲ ಮೊದಲೇ ಬಂತು. ನಲವತ್ತು ಮರಿ ಬಂದವು, ಹತ್ತರಂತೆ ನಾಲ್ಕು ಗುಂಪು: ಲೆನ್ಸೇ ಇಲ್ಲದ್ದು, ಬಿಡುವೇ ಇಲ್ಲದ್ದು, ಒಂದು ಸಲ ಒಂದು ಗಂಟೆ, ನಾಲ್ಕು ಸಲ ಹದಿನೈದು ನಿಮಿಷ. ಯಾವ ಮರಿ ಯಾವ ಗುಂಪು ಎಂದು ಪ್ರೊಫೆಸರರೇ ಚೀಟಿಯೆತ್ತಿ, ಪಟ್ಟಿಯನ್ನು ತಮ್ಮ ಕಪಾಟಿನಲ್ಲಿಟ್ಟರು. ಲೆನ್ಸ್ ತೆಗೆಯಲು ಬೇರೆ ವಿಭಾಗದ ಇಬ್ಬರು. ಅಳೆಯಲು ಕೋರ್ಡುಲಾ, ಅವಳಿಗೆ ಗುಂಪು ಗೊತ್ತಿಲ್ಲ.

ಆ ದಿನಗಳಲ್ಲಿ ನಾನು ಹೇಗಿದ್ದೆ ಎಂದು ಕೇಳಬೇಡ. ತೊಳೆದ ಗೂಡನ್ನೇ ಮತ್ತೆ ತೊಳೆದೆ. ಮೂರನೇ ದಿನ ಒಂದು ಮರಿ ಲೆನ್ಸ್ ಕಿತ್ತುಕೊಂಡಿದೆ ಎಂದು ಯಾರೋ ಮೆಟ್ಟಿಲ ಮೇಲೆ ಮಾತಾಡುವುದು ಕೇಳಿ, ಬಳೆಯನ್ನು ಗರಿ ಒಣಗಿದ ಮೇಲೆ ಅಂಟಿಸಬೇಕು, ಅಷ್ಟೂ ಗೊತ್ತಿಲ್ಲವೇ ಎಂದು ಕೂಗಬೇಕೆನ್ನಿಸಿತು, ಬಾಯಿ ಮುಚ್ಚಿಕೊಂಡೆ. ಅಮ್ಮ ಫೋನಿನಲ್ಲಿ, "ಸೋತ್ರೆ ಇಲ್ಲಿಗೆ ಬಾ, ನನಗೂ ಬೆನ್ನು ಬಗ್ಗಲ್ಲ, ಮುನ್ನೂರು ಕೋಳಿ ಇದಾವೆ. ಗೆದ್ರೂ ಒಂದ್ಸಲ ಬಾ, ಗೂಡಿನ ಬಾಗಿಲು ಮುರಿದಿದೆ" ಅಂದರು. ಅಲ್ಲಿಗೆ ನನಗೆ ಧೈರ್ಯ ಬಂತು. ಎರಡರಲ್ಲಿ ಯಾವುದಾದರೂ ಮಾಡಲು ಕೆಲಸವಂತೂ ಇತ್ತು.

ಜೂನ್ ಒಂದು, ಮಂಗಳವಾರ ಬೆಳಿಗ್ಗೆ ಪ್ರೊಫೆಸರ್ ಎಲ್ಲರನ್ನೂ ಕರೆದು ಪಟ್ಟಿ ತೆರೆದರು. ನಾನೂ ನಿಂತಿದ್ದೆ, ಬಾಗಿಲ ಹತ್ತಿರ, ರಬ್ಬರ್ ಬೂಟಿನಲ್ಲಿ. ಕೋರ್ಡುಲಾ ಓದಿದಳು, ಪ್ರೊಫೆಸರ್ ಹಲಗೆಯ ಮೇಲೆ ಬರೆದರು. ಎಡಗಣ್ಣಿಗಿಂತ ಬಲಗಣ್ಣು ಎಷ್ಟು ಉದ್ದ, ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನ ಲೆಕ್ಕದಲ್ಲಿ: ಲೆನ್ಸ್ ಇಲ್ಲದ್ದು, ಒಂದು. ಬಿಡುವಿಲ್ಲದ್ದು, ನಲವತ್ತೊಂದು. ಒಂದೇ ಸಲ ಬಿಡುವು, ಮೂವತ್ತೈದು. ನಾಲ್ಕು ಸಲ, ಹದಿನೇಳು.

ಹದಿನೇಳು, ಎಕಾರ್ಟ್. ಅದೇ ಒಂದು ಗಂಟೆ. ನಿನ್ನ ಕೂಡಿಸುವ ಲೆಕ್ಕದಲ್ಲಿ ಎರಡೂ ಮೂವತ್ತೆಂಟು ಬರಬೇಕಿತ್ತು.

ಯಾರೂ ನಗಲಿಲ್ಲ ಈ ಸಲ. ಪ್ರೊಫೆಸರ್ ಸೀಮೆಸುಣ್ಣ ಇಟ್ಟು, ಕೈ ಒರೆಸಿಕೊಂಡು, ಬೀಗದಕೈಯನ್ನು ನನ್ನ ಅಂಗೈಗೆ ಹಾಕಿದರು. ಮಧ್ಯಾಹ್ನ ಕರೆದು ಎರಡು ಕಾಗದ ಕೊಟ್ಟರು. ಒಂದು, ಅಪ್ಪಣೆಯಿಲ್ಲದೆ ಪ್ರಯೋಗದಲ್ಲಿ ಕೈಹಾಕಿದ್ದಕ್ಕೆ ಲಿಖಿತ ಎಚ್ಚರಿಕೆ, ನನ್ನ ಕಡತದಲ್ಲಿ ಮೂರು ವರ್ಷ ಇರುತ್ತದೆ. ಇನ್ನೊಂದು, ಲೇಖನದ ಕರಡು. ಮೊದಲ ಹೆಸರು ನನ್ನದು. "ಎರಡೂ ನಿಮಗೆ ಸಲ್ಲಬೇಕಾದ್ದೇ, ಫ್ರೌ ಗ್ರೋಟೆ. ಒಂದನ್ನ ಕೊಟ್ಟು ಇನ್ನೊಂದನ್ನ ಇಟ್ಕೊಳ್ಳೋಕೆ ನನಗೆ ಹಕ್ಕಿಲ್ಲ" ಅಂದರು. ನಾನು ಎಚ್ಚರಿಕೆಯ ಕಾಗದಕ್ಕೆ ಅಲ್ಲೇ ಸಹಿ ಹಾಕಿದೆ, ತುಂಬ ಖುಷಿಯಿಂದ. ಕರಡಿನಲ್ಲಿ ಒಂದು ತಿದ್ದುಪಡಿ ಕೇಳಿದೆ. ಗ್ರೋಟೆ ಎಂಬುದನ್ನು ಹೊಡೆದು ಶ್ಟೋಟ್ಸ್ ಎಂದು ಬರೆಯಿರಿ ಅಂದೆ. ಹುಂಜದ ಮರಿಗಳನ್ನು ಪುಕ್ಕಟೆ ಕೊಟ್ಟವರ ಹೆಸರು ಅದು.

ನಿನ್ನ ಹೊಸ ಸಂಸ್ಥೆಗೆ ಪ್ರೊಫೆಸರ್ ಬರೆದಿದ್ದಾರೆ. ಈ ಕಾಗದಕ್ಕಿಂತ ಮೊದಲೇ ಅದು ತಲುಪಿರುತ್ತದೆ. ನಾನು ಬರೆಯಿರಿ ಎನ್ನಲಿಲ್ಲ, ಬೇಡವೆಂದೂ ಎನ್ನಲಿಲ್ಲ. ಹಸಿರು ಪುಸ್ತಕವನ್ನು ನೋಂದಾಯಿತ ಅಂಚೆಯಲ್ಲಿ ಕಳಿಸು. ಅದರ ಕೊನೆಯ ಪುಟದಲ್ಲಿ ಅಮ್ಮ ಹೇಳಿದ ಸೇಬಿನ ಕೇಕಿನ ಅಳತೆಯೂ ಇದೆ, ಅದು ನಿನ್ನ ಸಂಶೋಧನೆಗೆ ಬೇಕಾಗಲಾರದು.

ಬೇಸಿಗೆಗೆ ನಾನು ಬರುವುದಿಲ್ಲ. ನಿನ್ನ ತೋಟ ಚೆನ್ನಾಗಿರಲಿ. ನಾನು ಅಮ್ಮನ ಗೂಡಿನ ಬಾಗಿಲು ಸರಿಮಾಡಿ, ಜುಲೈ ತಂಡದ ಮರಿಗಳಿಗೆ ವಾಪಸ್ ಬರಬೇಕು. ಈ ಸಲದ ಪ್ರಶ್ನೆಯನ್ನು ನಾನು ಎಲ್ಲರೆದುರು, ಸೋಮವಾರದ ಸಭೆಯಲ್ಲಿ, ಎದ್ದು ನಿಂತು ಕೇಳಿದ್ದೇನೆ: ನಾಲ್ಕು ಸಲ ಅಲ್ಲ, ಎಂಟು ಸಲವಾದರೆ?

ನಿನ್ನ ಕೋಟು ಇನ್ನೂ ಇಲ್ಲೇ ಇದೆ, ಚಳಿಗಾಲಕ್ಕೆ ಮೊದಲು ತರಿಸಿಕೋ.

ರೋಸ್ವಿತಾ ಶ್ಟೋಟ್ಸ್

ಮರೆತ ಮಾತು: ಮರೆತದ್ದಲ್ಲ, ಇಷ್ಟು ಪುಟದಲ್ಲೂ ಬೇಕೆಂದೇ ಮುಚ್ಚಿಟ್ಟದ್ದು. ಅಕ್ಟೋಬರಿನ ಒಂದು ಭಾನುವಾರ ಅಮ್ಮನ ಮನೆಯಿಂದ ಬರುವಾಗ ರೈಲ್ವೆ ಗೇಟ್ ಹಾಕಿತ್ತು. ಸರಕಿನ ಗಾಡಿ ಮುಗಿಯುತ್ತಲೇ ಇರಲಿಲ್ಲ. ನೀನು ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಾ, ನನ್ನ ಕಡೆ ನೋಡದೆ, "ಒಟ್ಟು ಹೊತ್ತು ಅಷ್ಟೇ ಇದ್ದು, ಎಷ್ಟು ಸಲ ಅನ್ನೋದು ಬದಲಾದ್ರೆ?" ಅಂದೆ. ಗೇಟ್ ತೆಗೆಯಿತು, ನೀನು ಮರೆತೆ. ನಾನು ಅಲ್ಲಿಯತನಕ ನಿಮಿಷ ಮಾತ್ರ ಎಣಿಸುತ್ತಿದ್ದೆ. ಸಲಗಳನ್ನು ಎಣಿಸಿದ್ದು ಆಮೇಲೆ. ಪ್ರೊಫೆಸರ್ ಕೇಳಿದಾಗ ಎಲ್ಲಾ ನನ್ನದೇ ಎಂದು ಹೇಳಿದ್ದೆ. ಮೊನ್ನೆ ಶುಕ್ರವಾರ ಹೋಗಿ ತಿದ್ದಿ ಬಂದೆ. ನಿನ್ನ ಮೂರು ಪುಟವನ್ನು ಎರಡು ಸಲ ಹುಡುಕಿದೆ, ಎಕಾರ್ಟ್. ನನ್ನದನ್ನೆಲ್ಲ ನಿನ್ನದೆಂದು ಬರೆದಿದ್ದೀಯ, ನಿಜವಾಗಿ ನಿನ್ನದಾಗಿದ್ದ ಆ ಒಂದು ಮಾತು ಮಾತ್ರ ಅದರಲ್ಲಿ ಇಲ್ಲ. ಲೇಖನದಲ್ಲಿ ಇದೆ. ನಿನ್ನ ಹೆಸರು ಮೂರನೆಯದು.